ವಿಲಾಯತಿ ಬ್ಯಾಳಿ

ನಮ್ಮ ಅಡಿಗೆಮನೆಯಲ್ಲಿ ತೊಗರಿಬೇಳೆಯ ಡಬ್ಬಿ ಇರುವುದು ಎಲ್ಲಕ್ಕಿಂತ ಮೇಲಿನ ಫಳಿಯ ಮೇಲೆ. ಅಲ್ಲಿ ಯಾರು ಇಟ್ಟರು ಎಂದು ಕೇಳಬೇಡಿ, ಇಟ್ಟವಳು ನಾನೇ. ಕೈಗೆ ನಿಲುಕುವ ಕಡೆ ಇಡಿ ಎಂದು ಸೊಸೆ ಹೇಳಿ ಹೇಳಿ ಸೋತು ಕೊನೆಗೆ ಒಂದು ಸ್ಟೂಲು ತಂದುಕೊಟ್ಟಳು. ಆ ಸ್ಟೂಲಿನ ಮೇಲೆ ಈಗ ನೀರಿನ ತಂಬಿಗೆ ಇಡುತ್ತೇನೆ. ಬೇಳೆ ಬೇಕಾದಾಗ ಗೋಡೆಗೆ ಒಂದು ಕೈ ಕೊಟ್ಟು, ಹಿಮ್ಮಡಿ ಎತ್ತಿ, ತುದಿಗಾಲ ಮೇಲೆ ನಿಂತು, ಇನ್ನೊಂದು ಕೈಯ ಬೆರಳುಗಳಿಂದ ಡಬ್ಬಿಯನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಎಳೆಯುತ್ತೇನೆ. ಮೊಮ್ಮಗಳು ಎಲ್ಲಿದ್ದರೂ ಓಡಿಬಂದು, "ಆಜಿ ಬ್ಯಾಲೆ ಮಾಡಾಕತ್ತಾಳ!" ಎಂದು ಚಪ್ಪಾಳೆ ಹೊಡೆಯುತ್ತಾಳೆ. ಟೀವಿ ನೋಡಿ ಕಲಿತ ಶಬ್ದ. ಅಜ್ಜಿಯ ಕೈಯಲ್ಲಿರುವುದು ಬೇಳೆ, ಕಾಲಲ್ಲಿರುವುದು ಬ್ಯಾಲೆ, ಇವೆರಡರ ನಡುವೆ ಒಂದು ಅಕ್ಷರ ತಿದ್ದಲು ಹೋಗಿ ಅಜ್ಜಿ ಹೆತ್ತ ತಂದೆಯ ಮಾನವನ್ನು ಮಿರಜಿನ ಟಾಕೀಜಿನಲ್ಲಿ ಕಳೆಯುವುದರಲ್ಲಿದ್ದಳು ಎಂಬುದು ಆ ಕೂಸಿಗೇನು ಗೊತ್ತು?

ಹೇಳುತ್ತೇನೆ ಕೇಳಿ. ನೀವು ನಮ್ಮವರೇ, ನಗು ಬಂದರೆ ತಡೆದುಕೊಳ್ಳಬೇಡಿ.

ನಮ್ಮ ತವರು ಸಾಂಗಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಸಿಟ್ಟು ಬಂದರೆ ಎರಡೂ. ಆಗಿನ್ನೂ ಸಂಸ್ಥಾನದ ಕಾಲ. ಊರೆಲ್ಲ ಅರಿಷಿಣದ ಪೇಟೆ, ಊರಿನ ಗಾಳಿಗೂ ಅರಿಷಿಣದ ವಾಸನೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಅರಿಷಿಣದ ವ್ಯಾಪಾರಿಗಳ ಹೆಣ್ಣುಮಕ್ಕಳ ಲಂಗದ ಅಂಚು ಸದಾ ಹಳದಿಯಾಗಿರುತ್ತಿತ್ತು. ಅವರಿಗೆ ದಿನವೂ ಮದುವೆ ಇದ್ದಂತೆ! ನನ್ನ ಲಂಗದ ಅಂಚಿಗೆ ಮಾತ್ರ ಕೆಮ್ಮಣ್ಣು, ತಲೆಯ ಮೇಲೆ ತೊಗರಿಯ ಹೊಟ್ಟು. ಯಾಕೆಂದರೆ ನಮ್ಮದು ಬೇಳೆಯ ವ್ಯಾಪಾರ. ನಮ್ಮ ಕಡೆಯ ಬಾಯಲ್ಲಿ ಅದು ಬೇಳೆಯಲ್ಲ, ಬ್ಯಾಳಿ. ಈ ಉಚ್ಚಾರವನ್ನು ದಯಮಾಡಿ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಂಗಡಿ ಮುಂದೆ, ಮನೆ ನಡುವೆ, ಹಿಂದೆ ದೊಡ್ಡ ಹಿತ್ತಲು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಸಾಲಾಗಿ ಬೀಸುವ ಕಲ್ಲುಗಳು, ಅವುಗಳ ಮುಂದೆ ಹದಿನಾಲ್ಕು ಜನ ಹೆಣ್ಣುಮಕ್ಕಳು. ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಮಾಳಿಗೆಯ ಮೇಲೆ ಒಣಗಿಸಿ, ಕಲ್ಲಿಗೆ ಹಾಕಿ ಒಡೆದು, ಮೊರದಲ್ಲಿ ಕೇರಿ, ಜರಡಿ ಹಿಡಿದು ಚೀಲಕ್ಕೆ ತುಂಬುವವರು ಅವರೇ. ಈ ಸೈನ್ಯದ ದಂಡನಾಯಕಿ ನಮ್ಮ ಗಂಗಾ ಅತ್ಯಾ, ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ಕಲ್ಲುಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ದೇವರ ಮುಂದೆ ಕೂಡ ಕೂಗಿಯೇ ಬೇಡಿಕೊಳ್ಳುತ್ತಿದ್ದಳು. ಹದಿನಾಲ್ಕು ಮಂದಿಯಲ್ಲಿ ಹಿರಿಯಳು ತುಳಸವ್ವ. ಬುಧಗಾಂವದಿಂದ ದಿನವೂ ನಡೆದುಕೊಂಡೇ ಬರುತ್ತಿದ್ದಳು. ಬುಧಗಾಂವ ಆಗ ಮಿರಜಿನ ಕಿರಿಯ ಪಾತಿಯ, ಅಂದರೆ ಅಲ್ಲಿನ ರಾಜಮನೆತನದ ಕಿರಿಯ ಶಾಖೆಯ, ರಾಜಧಾನಿ. ಆದ್ದರಿಂದ ತುಳಸವ್ವ ದಿನಾ ಒಬ್ಬ ರಾಜನ ರಾಜ್ಯದಲ್ಲಿ ಎದ್ದು ಇನ್ನೊಬ್ಬ ರಾಜನ ರಾಜ್ಯದಲ್ಲಿ ಬೇಳೆ ಒಡೆಯುತ್ತಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಅವಳ ಅಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ ನನ್ನ ಕೆನ್ನೆ ಸವರಿದರೆ ತರಚುತ್ತಿತ್ತು. ಆದರೂ ಸವರಿಸಿಕೊಳ್ಳಲು ನಾನೇ ಹೋಗಿ ಕೆನ್ನೆ ಕೊಡುತ್ತಿದ್ದೆ.

ಎರಡನೆಯ ಮಹಾ ಲಡಾಯಿ ಮುಗಿದ ಮರುವರ್ಷ ನಮ್ಮ ಮನೆಗೆ ಒಂದು ಪುಸ್ತಕ ಬಂತು. ಮುಂಬೈಯ ಒಬ್ಬ ಏಜೆಂಟ ಕಳಿಸಿದ, ನುಣುಪು ಕಾಗದದ ಪುಸ್ತಕ. ಒಳಗೆಲ್ಲ ಮಸೀನುಗಳ ಚಿತ್ರ. ಬೇಳೆ ಒಡೆಯುವ ಮಸೀನು! ಅಪ್ಪ ಅದನ್ನು ಪಾರಾಯಣದ ಗ್ರಂಥದಂತೆ ದಿನವೂ ತೆರೆದು ನೋಡುತ್ತಿದ್ದರು. ಮಿರಜಿನ ಒಬ್ಬ ವ್ಯಾಪಾರಿ ಆಗಲೇ ತರಿಸಿಕೊಂಡಿದ್ದಾನೆಂಬ ಸುದ್ದಿ ಬೇರೆ ಪೇಟೆಯಲ್ಲಿ ಹಬ್ಬಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಪ್ಪ ಮೆಲ್ಲಗೆ ಮಾತು ತೆಗೆದರು.

"ಅಕ್ಕಾ, ಮಸೀನಿಗೆ ಇಬ್ಬರು ಆಳು ಇದ್ರ ಸಾಕಂತ."

"ಉಳಿದ ಹನ್ನೆರಡು ಮಂದಿ ಏನ ಮಾಡಬೇಕು? ನಿನ್ನ ಮಸೀನಿಗೆ ಆರತಿ ಎತ್ತಬೇಕೇನು?" ಎಂದಳು ಅತ್ಯಾ. ಅವಳ ಪಿಸುಮಾತೇ ಹಿತ್ತಲಿಗೆ ಕೇಳಿಸುತ್ತಿತ್ತು. ಇದಂತೂ ಪಿಸುಮಾತಲ್ಲ.

"ಹಂಗಲ್ಲ ಅಕ್ಕಾ. ಜಗತ್ತು ಮುಂದ ಹೋಗಾಕತ್ತೈತಿ. ನಾವು ಕಲ್ಲು ತಿರುಗಿಸಿಕೋತ ಕುಂತ್ರ ಮಿರಜಿನವರು ನಮ್ಮ ಗಿರಾಕಿ ಎಲ್ಲಾ ಎಳಕೊಂಡು ಹೋಗತಾರ."

ಹಿತ್ತಲಲ್ಲಿ ಹದಿನಾಲ್ಕು ಕಲ್ಲುಗಳೂ ಒಂದೇ ಸಲಕ್ಕೆ ನಿಂತವು. ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದ ಸದ್ದು ಅದು. ನಿಂತಾಗ ಕಿವಿಗೆ ಏನೋ ಆಯಿತು ಎಂದೇ ಅಂದುಕೊಂಡೆ. ಆ ಮೌನದಲ್ಲಿ ಅಪ್ಪ ಅನ್ನ ಕಲಸುತ್ತ ಕುಳಿತರು, ಉಣ್ಣಲಿಲ್ಲ. ಅಪ್ಪ ಕೆಟ್ಟವರಲ್ಲ. ಆದರೆ ಹೆದರಿದ ವ್ಯಾಪಾರಿ.

ಏಜೆಂಟನಿಗೆ ಉತ್ತರ ಬರೆಯುವುದು ಮಾತ್ರ ಬಾಕಿ. ಸೋಮವಾರ ಟಪಾಲಿಗೆ ಹಾಕುತ್ತೇನೆ ಎಂದು ಅಪ್ಪ ಹೇಳಿದ್ದರು. ಆ ಸೋಮವಾರದ ಮುಂಚೆ ಬಂದ ಶುಕ್ರವಾರವೇ ನಾನು ನನ್ನ ಶಾಣ್ಯಾತನ ತೋರಿಸಿದ್ದು.

ಆಗೆಲ್ಲ ಸಿನೇಮಾದ ಜಾಹೀರಾತು ಟಾಂಗಾದಲ್ಲಿ ಬರುತ್ತಿತ್ತು. ಡೋಲು ಬಾರಿಸುತ್ತ, ಎರಡೂ ಕಡೆಗೆ ಕಾಗದ ತೂರುತ್ತ ಹೋಗುತ್ತಿದ್ದರು. ನಾನು ಒಂದು ಹಿಡಿದೆ. ಮರಾಠಿಯಲ್ಲಿತ್ತು, ಚಿತ್ರ ಇರಲಿಲ್ಲ. ಮಿರಜಿನ ಟಾಕೀಜಿನಲ್ಲಿ ರವಿವಾರ ಮಧ್ಯಾಹ್ನ 'ವಿಲಾಯತಿ ಬ್ಯಾಲೆ', ಮೂವತ್ತು ವರ್ಷಗಳ ಹಿಂದೆ ತೆಗೆದ ದುರ್ಮಿಳ, ಅಂದರೆ ಎಲ್ಲೂ ಸಿಗದ, ಚಿತ್ರಗಳು, ಮೊದಲಿಗೆ ತಜ್ಞ ಬಾಯಿಯೊಬ್ಬರ ಭಾಷಣ. ಬ್ಯಾಲೆ! ಈ ಶಬ್ದ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಆಗ ಇರಲಿಲ್ಲ, ಈಗಲೂ ಇಲ್ಲ ಎಂದು ಸೊಸೆ ಹೇಳುತ್ತಾಳೆ. ಹದಿಮೂರು ವರ್ಷ ವಯಸ್ಸು, ಶಾಲೆಯಲ್ಲಿ ಮರಾಠಿ ಶುದ್ಧಲೇಖನಕ್ಕೆ ಮೊದಲ ನಂಬರು. ಕೂಡಲೇ ಗುಟ್ಟು ಹೊಳೆಯಿತು.

ಅದೇನೆಂದರೆ, ಇಂಥ ಕಾಗದ ಅಚ್ಚು ಹಾಕುತ್ತಿದ್ದ ಒಂದು ಸಣ್ಣ ಛಾಪಖಾನೆಯಲ್ಲಿ ಳಕಾರದ ಮೊಳೆಗಳು ಕಡಿಮೆ. ಮುಗಿದು ಹೋದವೆಂದರೆ ಲಕಾರ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಅರಿಷಿಣಕ್ಕೆ ಮರಾಠಿಯಲ್ಲಿ 'ಹಳದ' ಅಲ್ಲವೇ? ಅರಿಷಿಣದ ಊರಲ್ಲೇ ಕುಳಿತು ಅವರು 'ಹಲದ' ಎಂದು ಅಚ್ಚು ಹಾಕಿ ಊರಿಗೆಲ್ಲ ನಗೆಯ ವಿಷಯವಾಗಿದ್ದರು. ಅಂದಮೇಲೆ ಇದೂ ಅವರದೇ ಪ್ರತಾಪ! ನಾನು ಪೆನ್ಸಿಲು ತಂದು, ಲಕಾರವನ್ನು ಹೊಡೆದು, ಮೇಲೆ ಅಂದವಾಗಿ ಳಕಾರ ಬರೆದೆ. ಬ್ಯಾಲೆ ಹೋಗಿ ಬ್ಯಾಳೆ ಆಯಿತು. ಓಡಿಹೋಗಿ ಅಪ್ಪನ ಮುಂದೆ ಹಿಡಿದೆ.

"ವಿಲಾಯತಿ ಬ್ಯಾಳಿ?" ಅಪ್ಪ ಚಷ್ಮಾ ಏರಿಸಿದರು. "ಆದ್ರ ಮರಾಠ್ಯಾಗ ಡಾಳ ಅಂತಾರಲ್ಲವಾ, ಇಂದೂ?" ಇಂದೂ ಅಂದರೆ ನಾನೇ.

ಇದಕ್ಕೂ ನನ್ನ ಹತ್ತಿರ ಉತ್ತರ ಇತ್ತು. "ಬ್ಯಾಳಿ ವ್ಯಾಪಾರ ಮಾಡೋರೆಲ್ಲಾ ಕನ್ನಡದವರ ಅದಾರಲ್ಲಪ್ಪಾ, ಅದಕ್ಕ ಕನ್ನಡ ಶಬ್ದ ಹಾಕ್ಯಾರ."

ಅಪ್ಪ ನನ್ನನ್ನು ಎಂಥ ಅಭಿಮಾನದಿಂದ ನೋಡಿದರೆಂದರೆ, ಈಗ ನೆನೆಸಿದರೂ ಮೈಯೆಲ್ಲ ಮುದುಡಿಕೊಳ್ಳುತ್ತದೆ. ಆಮೇಲೆ ಅವರೇ ಒಂದೊಂದಾಗಿ ಅರ್ಥ ಬಿಡಿಸಿದರು. ತಜ್ಞ ಅಂದರೆ ಮಸೀನು ಬಲ್ಲವರು. ಬಾಯಿ ಅಂದಮೇಲೆ ಹೆಣ್ಣುಮಕ್ಕಳೂ ನಡೆಸಬಹುದಾದ ಹಗುರ ಮಸೀನು. ಮೂವತ್ತು ವರ್ಷದ ಹಿಂದಿನ ಚಿತ್ರ! "ನೋಡಕ್ಕಾ, ಅವರು ಮೂವತ್ತು ವರ್ಷದ ಹಿಂದ ಬಿಟ್ಟ ಕಲ್ಲು ನಾವಿನ್ನೂ ಹಿಡಕೊಂಡು ಕುಂತೇವಿ. ರವಿವಾರ ಹೋಗಿ ಕಣ್ಣಾರೆ ನೋಡೂಣು. ಚಂದ ಕಂಡ್ರ ಸೋಮವಾರ ಪತ್ರ ಹಾಕಿಬಿಡತೇನಿ."

"ನಾನೂ ಬರತೇನಿ," ಎಂದಳು ಅತ್ಯಾ. ಸಿನೇಮಾ ಅಂದರೆ ಅವಳಿಗೆ ಆಗುತ್ತಿರಲಿಲ್ಲ, ಜಗಳಕ್ಕೆ ಹೊರಟದ್ದು.

ಹಿತ್ತಲ ಬಾಗಿಲಲ್ಲಿ ತುಳಸವ್ವ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. "ಸಾವಕಾರ್ರ, ನನ್ನೂ ಕರಕೊಂಡು ಹೋಗ್ರಿ. ನನ್ನ ತುತ್ತು ಕಸಿಯೂದು ಹೆಂಗೈತಿ, ಮಾರಿ ನೋಡತೇನಿ."

ಅಪ್ಪ ಬೆರಳು ಮಡಿಸಿ ನಾಲ್ಕು ಟಿಕೀಟಿನ ಲೆಕ್ಕ ಹಾಕಿದರು.

ರವಿವಾರ ಮಧ್ಯಾಹ್ನ ನಾವು ನಾಲ್ವರು ಸಾಂಗಲಿಯ ಸಣ್ಣ ರೈಲಿನಲ್ಲಿ ಮಿರಜಿಗೆ ಹೊರಟೆವು. ಮೂರು ಹೆಜ್ಜೆಯ ದಾರಿ, ಆದರೆ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗುತ್ತಿದ್ದೆವಾದ್ದರಿಂದ ಅಪ್ಪ ರೇಶ್ಮೆ ರುಮಾಲು ಸುತ್ತಿದ್ದರು. ಮಿರಜಿನ ಸ್ಟೇಶನ್ನು ನನಗೆ ಬಹಳ ಸೇರುತ್ತಿತ್ತು. ವಿಜಾಪುರ, ಬಾಗಲಕೋಟೆ ಕಡೆಯಿಂದ ದವಾಖಾನೆಗೆಂದು ಬಂದವರು ಪ್ಲಾಟ್‌ಫಾರ್ಮಿನ ತುಂಬ ಬುತ್ತಿ ಬಿಚ್ಚಿ ಕುಳಿತಿರುತ್ತಿದ್ದರು. ಎಲ್ಲಿ ಕಿವಿ ಇಟ್ಟರೂ ಕನ್ನಡ. ಅತ್ಯಾ ಪ್ರತಿ ಸಲ ಅಲ್ಲಿ ಒಬ್ಬರನ್ನಾದರೂ ಹಿಡಿದು, ಏನು ಬ್ಯಾನಿ, ಯಾವ ಊರು, ಎಷ್ಟು ಮಕ್ಕಳು ಎಂದೆಲ್ಲ ಕೇಳಿ, ದವಾಖಾನೆಯವರ ಮುಂಚೆ ತಾನೇ ಔಷಧ ಹೇಳಿಬಿಡುತ್ತಿದ್ದಳು. ಅವತ್ತು ಮಾತ್ರ ಯಾರನ್ನೂ ಮಾತಾಡಿಸಲಿಲ್ಲ. ತುಳಸವ್ವನ ಕೈ ಹಿಡಿದುಕೊಂಡೇ ನಡೆದಳು.

ಟಾಕೀಜಿನಲ್ಲಿ ಹೆಂಗಸರಿಗೆ ಎಡಗಡೆ ಬೇರೆ ಬೆಂಚುಗಳು, ನಡುವೆ ಎದೆಯೆತ್ತರದ ಹಲಗೆಯ ಅಡ್ಡಗೋಡೆ. ಅಪ್ಪ ಆ ಕಡೆ ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಕುಳಿತರು. ಮಸೀನಿನ ಹಲ್ಲುಗಳು ಸರಿಯಾಗಿ ಕಾಣಬೇಕಲ್ಲ! ಪರದೆಯ ಮುಂದೆ ಒಂದು ಮೇಜು. ಅದರ ಪಕ್ಕ ಸಿತಾರ ಹಿಡಿದ ಒಬ್ಬ ಮುದುಕ, ತಬಲಾದವನೊಬ್ಬ. ಚಿತ್ರಕ್ಕೆ ಮಾತೂ ಇಲ್ಲ, ಸಂಗೀತವೂ ಇಲ್ಲವಾದ್ದರಿಂದ ಬಾಯಿ ಪಿಯಾನೊ ಕೇಳಿದ್ದರಂತೆ. ಮಿರಜಿನಲ್ಲಿ ಪಿಯಾನೊ ಎಲ್ಲಿಂದ ತರಬೇಕು? ಸಿತಾರ ಮಾಡುವವರ ಓಣಿಯಿಂದ ಒಬ್ಬರನ್ನು ಕರೆತಂದಿದ್ದರು.

ಬಾಯಿ ಬಂದರು. ಬೆಳ್ಳಗೆ, ಸಣ್ಣಗೆ, ನೆಟ್ಟಗೆ, ಕೋಲು ಊರಿಕೊಂಡು. ಲಡಾಯಿಯಲ್ಲಿ ದೇಶ ಕಳೆದುಕೊಂಡ ಪೋಲಂಡಿನ ಜನರಿಗಾಗಿ ಆಗ ಕೊಲ್ಲಾಪುರದ ಹತ್ತಿರ ಒಂದು ಕ್ಯಾಂಪು ಇತ್ತು. ಇವರು ಅಲ್ಲಿಯವರು. ಮೊಣಕಾಲಿನ ಬ್ಯಾನಿಗೆ ಮಿರಜಿನ ದವಾಖಾನೆಗೆ ಬರುತ್ತಿದ್ದಾಗ ಇಲ್ಲಿನ ಡ್ರಾಯಿಂಗ್ ಮಾಸ್ತರರಿಗೆ ಪರಿಚಯವಾಗಿತ್ತು. ಮುಂಬೈಯಲ್ಲಿ ಯಾರದೋ ಸಂಗ್ರಹದಲ್ಲಿ ಬಿದ್ದಿದ್ದ ಹಳೆಯ ರೀಲುಗಳನ್ನು ತರಿಸಿ ಈ ಆಟ ಇಡಿಸಿದವರು ಆ ಮಾಸ್ತರರೇ. ಬಾಯಿ ಇಂಗ್ಲಿಷಿನಲ್ಲಿ ಹೇಳುವುದು, ಮಾಸ್ತರರು ಮರಾಠಿಗೆ ತಿರುಗಿಸುವುದು. ಮಾಸ್ತರರ ಮನೆಮಾತು ನಮ್ಮಂತೆ ಕನ್ನಡ. ನಮ್ಮ ಅಂಗಡಿಯ ಗಿರಾಕಿ ಬೇರೆ.

"ಬ್ಯಾಲೆ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ, ಹಣ್ಣಾದದ್ದು ರಶಿಯಾದಲ್ಲಿ," ಎಂದರು ಮಾಸ್ತರರು. ಮುಂದಿನ ಸಾಲಿನಲ್ಲಿ ಅಪ್ಪನ ರುಮಾಲು ಮೇಲೆ ಕೆಳಗೆ ಆಡಿತು. ಬೀಜ ಎಲ್ಲಿಯದು ಎಂದು ಗೊತ್ತಾಯಿತು.

"ಮೊದಲು ಇದು ರಾಜರ ಅರಮನೆಯಲ್ಲಷ್ಟೇ ಇತ್ತು."

"ಖರೇ ಅದು," ಎಂದಳು ಅತ್ಯಾ. "ನಮ್ಮ ಮುತ್ಯಾನ ಕಾಲಕ್ಕ ಬಡವರಿಗೆ ಎಲ್ಲೀದು ತೊಗರಿಬ್ಯಾಳಿ?"

"ಸಣ್ಣದಿರುವಾಗಲೇ ಆರಿಸಬೇಕು. ಆರಿಸಿದ್ದರಲ್ಲೂ ಕೊನೆಗೆ ನಿಲ್ಲುವುದು ಬಹಳ ಸ್ವಲ್ಪ."

"ಜರಡಿ ಹಿಡದ್ರ ಅಷ್ಟ ಉಳಿಯೂದು."

"ಮೈಯ ಭಾರವೆಲ್ಲ ಒಂದು ತುದಿಯ ಮೇಲೆ ಬರಬೇಕು. ಆದರೆ ನೋಡುವವರಿಗೆ ಭಾರ ಕಾಣಿಸಬಾರದು."

"ನಾವು ಗೂಟ ಹಿಡದು ಕಲ್ಲು ತಿರುಗಸಿದಂಗ," ಎಂದಳು ತುಳಸವ್ವ ಮೆಲ್ಲಗೆ.

ಆಮೇಲಿನ ವಾಕ್ಯದಲ್ಲಿ ಮಾಸ್ತರರು 'ನರ್ತಕಿ' ಎಂದರು. ಆ ಒಂದು ಶಬ್ದ ನನ್ನ ಕಿವಿಗೆ ಬಿತ್ತು. ಬೇಳೆಯಲ್ಲಿ ನರ್ತಕಿ ಎಲ್ಲಿಂದ ಬಂದಳು? ಪೆನ್ಸಿಲಿನ ಳಕಾರ ಕಣ್ಣ ಮುಂದೆ ಕುಣಿಯಿತು. ಅದು ಛಾಪಖಾನೆಯ ತಪ್ಪಲ್ಲ, ನನ್ನ ತಪ್ಪು! ಅಪ್ಪನಿಗೂ ತಿಳಿದಿರಬೇಕು ಎಂದು ಅಡ್ಡಗೋಡೆಯ ಮೇಲಿಂದ ಇಣುಕಿದೆ. ಎಲ್ಲಿಯ ತಿಳಿಯುವುದು? ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲೇ ಜೋಡಿಸುವುದರಲ್ಲಿ ಮುಳುಗಿದ್ದ ಅಪ್ಪ, ಕೈಯಲ್ಲಿ ಆ ಕಾಗದವನ್ನೇ ಹಿಡಿದು, ಎದ್ದು ನಿಂತುಬಿಟ್ಟಿದ್ದರು. "ಅಪ್ಪಾ, ಬ್ಯಾಡ!" ಎಂದು ಕೂಗಬೇಕೆಂದೆ. ಸುತ್ತಲೂ ಜನ. ತುದಿಗಾಲ ಮೇಲೆ ನಿಂತು ಕೈ ಬೀಸಿದೆ. ಅವರು ನೋಡಲಿಲ್ಲ.

ಗಡಿಬಿಡಿಯಾದಾಗ ಅಪ್ಪನಿಗೆ ಮರಾಠಿ ಬಿಟ್ಟುಹೋಗುತ್ತಿತ್ತು. ಅಚ್ಚ ಕನ್ನಡದಲ್ಲಿ, ಪೇಟೆಯ ಧ್ವನಿಯಲ್ಲಿ ಕೇಳಿದರು: "ಮಾಸ್ತರ, ಬಾಯಿಸಾಹೇಬರಿಗೆ ಒಂದು ಮಾತು ಕೇಳ್ರಿ. ಇವರ ವಿಲಾಯತಿ ಬ್ಯಾಳಿ ದಿವಸಕ್ಕ ಎಷ್ಟು ಚೀಲ ಆಗತೈತಿ? ಮಸೀನಿಗೆ ಎಷ್ಟು ಮಂದಿ ಬೇಕು?"

ಟಾಕೀಜಿನಲ್ಲಿ ಬಹಳಷ್ಟು ಮಂದಿ ಮರಾಠಿಯವರು, ಅವರಿಗೆ ಏನೂ ತಿಳಿಯಲಿಲ್ಲ. ಹಿಂದೆ ಎಲ್ಲೋ ಕನ್ನಡ ಬಲ್ಲ ಇಬ್ಬರು ಮೂವರು ಕಿಸಕ್ಕೆಂದರು. ಮಾಸ್ತರರು ಅಪ್ಪನ ಮುಖ ನೋಡಿದರು. ರೇಶ್ಮೆ ರುಮಾಲು ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. ಒಂದು ಮಾತು, ಒಂದೇ ಒಂದು ಮಾತು ಅವರು ತಪ್ಪಿ ಆಡಿದ್ದರೆ, ಮರುದಿನ ಪೇಟೆಯಲ್ಲಿ ಅಪ್ಪ ತಲೆ ಎತ್ತಿ ತಕ್ಕಡಿ ಹಿಡಿಯುವಂತಿರಲಿಲ್ಲ. ನಾನು ಕಣ್ಣು ಮುಚ್ಚಿದೆ.

ಮಾಸ್ತರರು ಬಾಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಬಾಯಿ ಕೋಲು ಊರಿ ಅಪ್ಪನ ಕಡೆ ಪೂರ್ತಿ ತಿರುಗಿದರು. ಆಮೇಲೆ ಅಪ್ಪನನ್ನೇ ನೋಡುತ್ತ ನಿಧಾನವಾಗಿ ಉತ್ತರ ಕೊಟ್ಟರು. ಮಾಸ್ತರರು ಅದನ್ನು ಕನ್ನಡದಲ್ಲಿ ಹೇಳಿದರು.

"ಸಾವಕಾರ್ರ, ಬಾಯಿ ಹೇಳತಾರ, ಇದರಾಗ ಮಸೀನು ಅನ್ನೂದ ಇಲ್ಲ. ಎಲ್ಲಾ ಹೆಣ್ಣಮಕ್ಕಳು ಮೈಲೇ ಮಾಡೂದು. ಎಂಟು ವರ್ಷದಾಕಿ ಇದ್ದಾಗಿಂದ ಮುಂಜಾನೆ ಸುರು ಮಾಡಿದ್ರ ಸಂಜೀತನಕಾ ದುಡೀತಿದ್ನಿ ಅಂತಾರ. ಕಾಲಬೆರಳಿನ ಉಗುರು ಬೀಳತಿದ್ದು, ಮತ್ತ ಬರತಿದ್ದು. ಮೈ ನಿಂತಿತಂದ್ರ ಎಲ್ಲಾ ನಿಂತಂಗ."

ಹೇಳಿ ಮುಗಿಯುತ್ತಲೇ ಬಾಯಿ ಕೋಲನ್ನು ಮೇಜಿಗೆ ಆನಿಸಿ, ಎರಡೂ ಕೈ ಜೋಡಿಸಿ, ಅಪ್ಪನಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿದರು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಆದರೂ ಜನ ಚಪ್ಪಾಳೆ ಹೊಡೆದರು. ಅಪ್ಪ ಗಡಬಡಿಸಿ ತಿರುಗಿ ನಮಸ್ಕಾರ ಮಾಡಿ ಕುಳಿತುಬಿಟ್ಟರು. ದೀಪ ಆರಿತು.

ಚಿತ್ರದ ತುಂಬ ಮಳೆ ಹೊಯ್ದಂತೆ ಗೀರುಗಳು. ಆ ಗೀರುಗಳ ಹಿಂದಿನಿಂದ ಬಿಳಿಯ ಹುಡುಗಿಯರ ಒಂದು ಸಾಲು ಬಂತು. ಸೊಂಟದ ಸುತ್ತ ಅರಳಿದ ಕೊಡೆಯಂಥ ಲಂಗ, ಕೆಳಗೆ ಬರೀ ಕಾಲು. ಗಂಡಸರ ಕಡೆ ಸಿಳ್ಳೆ ಬಿತ್ತು. ಅತ್ಯಾ, "ಶಿವಶಿವಾ!" ಎಂದು ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡತೊಡಗಿದಳು. ಆ ಹುಡುಗಿಯರು ಕಾಲ ತುದಿಯ ಮೇಲೆ, ತೀರ ತುದಿಯ ಮೇಲೆ, ಕೋಳಿಮರಿಗಳ ಹಾಗೆ ಟಿಕಿಟಿಕಿ ಓಡಿದರು. ಹಳೆಯ ರೀಲು, ಎಲ್ಲವೂ ಕೊಂಚ ಹೆಚ್ಚೇ ಚುರುಕು. ತಬಲಾದವನು ಅವರ ಹೆಜ್ಜೆ ಹಿಡಿಯಲು ಪಟ್ಟ ಪಾಡು ನೋಡಬೇಕಿತ್ತು! ಬೆವರು ಒರೆಸಿಕೊಳ್ಳಲೂ ಅವನಿಗೆ ಪುರುಸೊತ್ತಿರಲಿಲ್ಲ. ಸಿತಾರದ ಮುದುಕ ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ತನ್ನ ಪಾಡಿಗೆ ತಾನು ಬಾರಿಸುತ್ತಿದ್ದ. ಒಂದು ಗಳಿಗೆಯಲ್ಲಿ ಅವನ ತಂತಿಯೂ ಆ ಹುಡುಗಿಯರ ಕೈಗಳೂ ಒಟ್ಟಿಗೇ ಮೇಲೆದ್ದು ಒಟ್ಟಿಗೇ ಇಳಿದವು. ಸಿಳ್ಳೆ ತಾನಾಗಿ ನಿಂತಿತು. ಅತ್ಯಾಳ ಕೈ ಮುಖದಿಂದ ಯಾವಾಗ ಇಳಿಯಿತೋ ಕಾಣೆ.

"ಕೊನೆಯ ಸಾಲಿನ ಕಡೆಯ ಹುಡುಗಿಯನ್ನು ನೋಡಿ," ಎಂದು ಕತ್ತಲಲ್ಲಿ ಮಾಸ್ತರರ ಮರಾಠಿ ಕೇಳಿಸಿತು. "ಉಳಿದವರಿಗಿಂತ ಅರ್ಧ ಹೆಜ್ಜೆ ಹಿಂದೆ ಇದ್ದಾಳಲ್ಲ, ಅದು ನಾನು ಎನ್ನುತ್ತಾರೆ ಬಾಯಿ. ಅವತ್ತು ಬೂಟಿನೊಳಗೆ ರಕ್ತ ಬಂದಿತ್ತಂತೆ. ಆದರೂ ನಗುತ್ತಿದ್ದೇನೆ ನೋಡಿ ಎನ್ನುತ್ತಾರೆ."

ನೋಡಿದೆವು. ನಗುತ್ತಿದ್ದಳು. ತುಳಸವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಟ ಮುಗಿದ ಮೇಲೆ ಜನ ಹೊರಗೆ ಹೋಗುತ್ತಿದ್ದರೆ ತುಳಸವ್ವ ಎದುರು ದಿಕ್ಕಿಗೆ ಹೊರಟಳು. ನಾವು ತಡೆಯುವ ಮುಂಚೆ ಬಾಯಿಯ ಮುಂದೆ ನಿಂತಿದ್ದಳು. ತನ್ನ ಅಂಗೈ ಬಿಚ್ಚಿ ತೋರಿಸಿದಳು. ಬಾಯಿ ಆ ಅಂಗೈಯನ್ನು ಹಿಡಿದು, ಹೆಬ್ಬೆರಳಿನಿಂದ ಜಡ್ಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ನಮ್ಮ ಅಪ್ಪ ಬೇಳೆಯ ಕಾಳನ್ನು ಮುಟ್ಟಿ ನೋಡುವ ಹಾಗೆ. ಆಮೇಲೆ ನಕ್ಕು, ತಮ್ಮ ಕಾಲು ತೋರಿಸಿ ತಲೆಯಾಡಿಸಿದರು. ಇದೂ ಹಾ‌ಗೇ ಎಂಬಂತೆ.

"ಮಾಸ್ತರ, ಈ ಅವ್ವಗ ಒಂದು ಮಾತು ಕೇಳ್ರಿ," ಎಂದಳು ತುಳಸವ್ವ. "ಇಷ್ಟು ಚಂದ ದುಡಿಯೋರು ಅದೀರಿ. ನಿಮ್ಮೂರಿಗೆ ಯಾವ ಮಸೀನು ಬಂತ್ರೀ, ಊರು ಬಿಟ್ಟು ಇಲ್ಲೀತನಕಾ ಬಂದ್ರಿ?"

ಅಪ್ಪ ನಮ್ಮ ಹಿಂದೆಯೇ ಬಂದು ನಿಂತಿದ್ದರು. ಮಾಸ್ತರರು ಈ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಕೇಳಿದರೆಂದು ಕಾಣುತ್ತದೆ, ಯಾಕೆಂದರೆ ಬಾಯಿಯ ಮುಖದ ನಗು ಹೋಯಿತು. ತುಳಸವ್ವನ ಕೈ ಬಿಡದೆಯೇ ಒಂದು ಶಬ್ದ ಹೇಳಿದರು.

"ಲಡಾಯಿ," ಎಂದರು ಮಾಸ್ತರರು.

ತುಳಸವ್ವ, "ಅಯ್ಯ ನನ್ನವ್ವಾ," ಎಂದು ಆ ಬಿಳಿಯ ಕೆನ್ನೆಯನ್ನು ಸವರಿದಳು. ಖಂಡಿತ ತರಚಿರಬೇಕು. ಬಾಯಿ ಕೆನ್ನೆ ಹಿಂದೆ ತೆಗೆಯಲಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ನಾನು ಅಪ್ಪನ ಪಕ್ಕದಲ್ಲಿ ಕುಳಿತಿದ್ದೆ. ನನಗೆ ತಡೆಯಲಾಗದೆ ಅಳು ಬಂತು. "ಅಪ್ಪಾ, ಅದು ಬ್ಯಾಲೇನ ಇತ್ತು. ನಾನ ತಿದ್ದಿದ್ನಿ."

ಅಪ್ಪ ಅಂಗಿಯ ಕಿಸೆಯಿಂದ ಮಡಿಸಿದ ಕಾಗದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನನ್ನ ಳಕಾರವನ್ನು ಬಹಳ ಹೊತ್ತು ನೋಡಿದರು. "ಅಕ್ಷರ ಚಂದ ಐತಿ," ಎಂದರು. ಅಷ್ಟೇ. ಅತ್ಯಾ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಆಗಲಿಲ್ಲ, ರೈಲಿನ ಡಬ್ಬಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. "ಇವತ್ತ ನಿನ್ನ ಬ್ಯಾಳಿ ಬೇಯಲಿಲ್ಲ ನೋಡು ತಮ್ಮಾ!" ತುಳಸವ್ವನೂ ನಕ್ಕಳು. ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ತಾವೂ ನಕ್ಕರು. ನಾನು ಮಾತ್ರ ಸಾಂಗಲಿ ಬರುವ ತನಕ ಅಳುತ್ತಲೇ ಇದ್ದೆ. ಶುದ್ಧಲೇಖನದಲ್ಲಿ ಮೊದಲ ನಂಬರಿನವಳಲ್ಲವೇ, ಅವಮಾನ ದೊಡ್ಡದು.

ಸೋಮವಾರ ಬೆಳಿಗ್ಗೆ ಅಪ್ಪ ನನ್ನನ್ನೇ ಕರೆದು ಪತ್ರ ಬರೆಸಿದರು. ಸದ್ಯ ನಮಗೆ ಮಸೀನು ಬೇಡ, ನಮ್ಮಲ್ಲಿ ಕೆಲಸ ಬಲ್ಲ ಜನ ಇದ್ದಾರೆ. ಇಷ್ಟೇ ಮಜಕೂರು. ಬರೆದು ಮುಗಿಸಿದ ಮೇಲೆ, "ಏನೂ ತಿದ್ದಬ್ಯಾಡ, ಇದ್ದಂಗ ಹಾಕು," ಎಂದರು. ಅತ್ಯಾ ಅಂದು ತಮ್ಮನ ರೊಟ್ಟಿಯ ಮೇಲೆ ಬೆಣ್ಣೆ ಎರಡು ಪಾಲು ಹಾಕಿದಳು. ಹಿತ್ತಲಲ್ಲಿ ಹದಿನಾಲ್ಕು ಕಲ್ಲುಗಳು ತಿರುಗುತ್ತಿದ್ದವು.

ಮಸೀನು ಬರಲೇ ಇಲ್ಲವೇ ಎಂದರೆ, ಬಂತು. ಬರದೆ ಎಲ್ಲಿಗೆ ಹೋದೀತು? ರಾಜ್ಯಗಳೆಲ್ಲ ಕರಗಿ, ಮೂರೂ ಊರು ಒಂದೇ ಸರಕಾರದ ಕೆಳಗೆ ಬಂದು, ನನ್ನ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನನ್ನ ತಮ್ಮ ತಂದ. ಆದರೆ ಅಷ್ಟರ ತನಕ ಅಪ್ಪ ಪ್ರತಿ ವರ್ಷ ಏಜೆಂಟನ ಪತ್ರ ಬಂದಾಗ, "ಈ ವರ್ಷ ಬ್ಯಾಡ," ಎನ್ನುತ್ತಿದ್ದರು. ಕೈ ಸೋತವರ ಕಲ್ಲು ಅವರ ಜೊತೆ ನಿಂತಿತು, ಕೈ ನಡೆಯುವವರ ಕಲ್ಲನ್ನು ಅಪ್ಪ ನಿಲ್ಲಿಸಲಿಲ್ಲ. ಎಲ್ಲಕ್ಕೂ ಕೊನೆಗೆ ನಿಂತದ್ದು ತುಳಸವ್ವನದು.

ಆ ಡ್ರಾಯಿಂಗ್ ಮಾಸ್ತರರು ಮುಂದೊಮ್ಮೆ ಮದುವೆಯೊಂದರಲ್ಲಿ ಸಿಕ್ಕಾಗ ನಾನೇ ಕೇಳಿದೆ, ಅವತ್ತು ಅಪ್ಪನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಏನೆಂದು ಕೇಳಿದಿರಿ ಎಂದು. ಮಾಸ್ತರರು ನಾಚಿಕೊಂಡರು. "ಸುಳ್ಳ ಹೇಳಿದ್ನೆವಾ. 'ದಿವಸಕ್ಕ ಎಷ್ಟು ತಾಸು ದುಡೀತಿದ್ರಿ, ಎಷ್ಟು ತ್ರಾಸ ಆಗತಿತ್ತು ಅಂತ ಈ ಸಾವಕಾರ್ರು ಕೇಳಾಕತ್ತಾರ' ಅಂದ್ನಿ. ಆಕೀ ಏನಂದ್ಲು ಗೊತ್ತೇನು? ಇಷ್ಟು ವರ್ಷ ಎಲ್ಲಾರೂ ಎಷ್ಟು ಚಂದ ಕುಣೀತಿ ಅಂದ್ರು, ಎಷ್ಟು ದುಡದಿ ಅಂತ ಕೇಳಿದಾಂವ ಇಂವ ಒಬ್ಬನ ಅಂದ್ಲು. ಅದಕ್ಕ ಕೈ ಮುಗದ್ಲು."

ಆ ಸಲ ತವರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ವಯಸ್ಸಾಗಿತ್ತು, ಆದರೂ ಗಾದಿಯ ಮೇಲೆ ಕುಳಿತು ಬೇಳೆ ನೋಡುತ್ತಿದ್ದರು. ಪಾಪ, ತಮಗೆ ಸಲ್ಲದ ನಮಸ್ಕಾರವನ್ನು ಇಷ್ಟು ವರ್ಷ ತಮ್ಮದೆಂದು ಇಟ್ಟುಕೊಂಡಿದ್ದಾರೆ, ಕೇಳಿ ನೊಂದುಕೊಂಡಾರು ಎಂದು ನಾನು ಬಹಳ ಎಚ್ಚರದಿಂದ ಹೇಳಿದೆ. ಅಪ್ಪ ನಕ್ಕರು.

"ನನಗ ಅವತ್ತ ಗೊತ್ತಾಗಿತ್ತು."

"ಹೆಂಗಪ್ಪಾ? ನಿಮಗ ಇಂಗ್ಲಿಷ್ ಬರೂದಿಲ್ಲ."

"ಇಂಗ್ಲಿಷ್ ಬರೂದಿಲ್ಲ. ಆದ್ರ ಚೀಲಕ್ಕ ಇಂಗ್ಲಿಷಿನ್ಯಾಗ ಬ್ಯಾಗ್ ಅಂತಾರ ಅಂತ ವ್ಯಾಪಾರಸ್ಥಗ ಗೊತ್ತಿರೂದಿಲ್ಲೇನು? ನಾ ಕೇಳಿದ್ದು ಚೀಲ. ಮಾಸ್ತರ ಬ್ಯಾಗ್ ಅನ್ನಲೇ ಇಲ್ಲ."

"ಮತ್ತ ಸುಮ್ಮನ್ಯಾಕ ಕುಂತ್ರಿ?"

ಅಪ್ಪ ಒಂದು ಕಾಳು ಬೇಳೆ ತೆಗೆದು ಹಲ್ಲಿಗೆ ಇಟ್ಟು ಕಟ್ಟೆಂದು ಕಚ್ಚಿದರು. ಒಣಗಿದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದುದೇ ಹಾಗೆ.

"ನಾ ಕೇಳಬೇಕಾಗಿದ್ದು ಅದ ಇತ್ತವಾ. ಮಾಸ್ತರ ತಿದ್ದಿ ಕೇಳಿದಾ."